ಜೊಂಡಿನೊಳಗಿನ ಕೆಮ್ಮು

ಜೂನ್ ೧೧

ಆಚೆದಡದವಳೇ,

ಜೌಗಿನ ಎರಡು ದಡಗಳಲ್ಲಿ ನಿಂತು ಹಕ್ಕಿ ಎಣಿಸುತ್ತಿದ್ದ ಕಾಲದಲ್ಲಿ ಕಚೇರಿಯವರು ನಿನಗೆ ಇಟ್ಟಿದ್ದ ಹೆಸರಿದು. ನೀನು ಮನೆ ಬಿಟ್ಟ ಏಳು ವರ್ಷಗಳ ಮೇಲೆ ಬೇರೆ ಹೆಸರಿನಿಂದ ಕರೆಯುವ ಸಲಿಗೆ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು.

ನಿನ್ನ ಕಾಗದದಲ್ಲಿ ನಾಲ್ಕೇ ಸಾಲು. ಹೊಸ ಅಧಿಕಾರಿ ಕಳಿಸಿದ ಧ್ವನಿಮುದ್ರಣವನ್ನು ಅಡುಗೆಮನೆಯಲ್ಲಿ ನಿಂತು ಕೇಳಿದೆ, ಜೊಂಡುಕೋಳಿ ಮೂರು ಸಲ ಕೂಗಿತು, ಆಮೇಲೆ ಅಪ್ಪ ಕೆಮ್ಮಿದರು, ಇದು ಹೇಗೆ ಎಂದು ಬರೆದಿದ್ದೀಯ. ಕಳೆದ ತಿಂಗಳು ಹಿಡಿದ ಸದ್ದಿನೊಳಗೆ ಇಪ್ಪತ್ತೆರಡು ವರ್ಷಗಳ ಹಿಂದೆ ತೀರಿಕೊಂಡ ಮನುಷ್ಯ. ಕಚೇರಿ ಕಳಿಸಿದ ನಮೂನೆಯಲ್ಲಿ ಏನು ಬರೆಯಲಿ ಎಂದೂ ಕೇಳಿದ್ದೀಯ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅಲ್ಲಿಗೆ ತಲುಪಲು ನನಗೆ ಸ್ವಲ್ಪ ಸುತ್ತು ಬೇಕು.

ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ. ಜೌಗಿನ ನಡುವೆ ಕಂಬ ನೆಟ್ಟು ಧ್ವನಿ ಹಿಡಿಯುವ ಯಂತ್ರ ಕಟ್ಟಿದ್ದಳು. ಅವತ್ತು ಕಾವಲು ಕೊಠಡಿಗೆ ಓಡಿ ಬಂದಳು. ನಾನು ಚಹಾ ಸೋಸುತ್ತಿದ್ದೆ. "ಸಿಕ್ತು ಸಾರ್, ನಿಮ್ಮ ಕೋಳಿ ಸಿಕ್ತು" ಎಂದು ನನ್ನ ಕಿವಿಗೆ ತಾನೇ ಇಯರ್‌ಫೋನ್ ತುರುಕಿದಳು. ಮಳೆಗಾಲದಲ್ಲಿ ಉಬ್ಬಿದ ಕದವನ್ನು ಯಾರೋ ಮೂರು ಸಲ ದೂಡಿದಂಥ ಆ ಕೂಗು. ಬಳಿಕ ಕೆಮ್ಮು. "ಕೊನೇಲಿ ಕೆಮ್ಮಿದ್ದು ನೀವೇ ತಾನೇ? ಬೆಳಬೆಳಿಗ್ಗೆ ನನ್ನ ಯಂತ್ರದ ಹತ್ರ ಏನ್ ಸಾರ್ ಕೆಲಸ ನಿಮಗೆ?" ಎಂದು ನಕ್ಕಳು. ನಾನೇ, ಎಂದೆ. ದೋಣಿ ಇಲ್ಲದೆ ಆ ಕಂಬದ ಹತ್ತಿರ ಯಾರೂ ಹೋಗಲಾಗದು ಎನ್ನುವುದು ಆ ಸಂತೋಷದಲ್ಲಿ ಅವಳಿಗೆ ಹೊಳೆಯಲಿಲ್ಲ.

ಜೊಂಡುಕೋಳಿ ಕೇಳಿಸಿತೆಂದು ಜೌಗಿಗೆ ಬೇಲಿ ಹಾಕಿ ಈ ಚಳಿಗಾಲಕ್ಕೆ ಇಪ್ಪತ್ತು ವರ್ಷ ತುಂಬುತ್ತದೆ. ಅಷ್ಟರಲ್ಲಿ ಜೊಂಡುಕೋಳಿ ಮತ್ತೆ ದಾಖಲಾಗದಿದ್ದರೆ ಬೇಲಿ ತೆಗೆದು, ಮಣ್ಣು ತುಂಬಿ, ಗೋದಾಮು ಕಟ್ಟುತ್ತಾರೆ. ಕಳೆದ ಸಲ ಅದನ್ನು ಕೇಳಿದವರು ನಾವಿಬ್ಬರೇ. ಅದಕ್ಕೇ ನಮೂನೆ ನಮ್ಮಿಬ್ಬರಿಗೂ ಬಂದಿದೆ. "ನಿಮ್ಮಿಬ್ಬರದು ಎರಡು ಸಾಲು ಸಾಕು ಸಾರ್, ಇನ್ನಿಪ್ಪತ್ತು ವರ್ಷ ಯಾರೂ ಈ ಕಡೆ ತಲೆ ಹಾಕಲ್ಲ" ಎನ್ನುತ್ತಾಳೆ.

ಕೆಮ್ಮಿದ್ದು ಒಂದು ಗೊರವಂಕ. ಮರುವಾರ ಪಂಪಿನ ಮನೆಯ ತಂತಿಯ ಮೇಲೆ ಕಂಡೆ. ಮೊದಲು ನಮ್ಮ ಗೇಟಿನ ಕೀಲಿನ ಸದ್ದು ಮಾಡಿತು, ಆಮೇಲೆ ಜೊಂಡುಕೋಳಿಯ ಮೂರು ಕೂಗು, ಆಮೇಲೆ ನಿನ್ನಪ್ಪನ, ನನ್ನ ಮಾವನ ಕೆಮ್ಮು. ಕೆಮ್ಮುವ ಮೊದಲು ಗಂಟಲಲ್ಲಿ ಸಣ್ಣಗೆ ನರಳುತ್ತಿದ್ದರಲ್ಲ, ಅದನ್ನೂ ಬಿಟ್ಟಿಲ್ಲ. ಪಕ್ಕದಲ್ಲಿ ಅದರ ಮರಿ ಕೂತಿತ್ತು. ಅದೂ ಬಾಯಿ ತೆರೆಯಿತು. ಕೂಗು ಅದಕ್ಕೆ ದಕ್ಕಲಿಲ್ಲ, ಕೆಮ್ಮು ಮಾತ್ರ ಬಂತು.

ಕಲಿಸಿದವನು ನಾನು. ಎರಡು ಟ್ರಂಕು ತೆಗೆದುಕೊಂಡು ತಂಗಿಯ ಮನೆಗೆ ಹೋದಾಗ ನೀನು ಮಾವ ಜೊಂಡುಕೋಳಿಯ ಕೂಗು ಮುದ್ರಿಸಿ ಕೊನೆಗೆ ಕೆಮ್ಮಿದ್ದ ಟೇಪನ್ನು ಬೀರುವಿನಲ್ಲಿ, ಹಾಸಿದ ಪೇಪರಿನ ಅಡಿಯಲ್ಲಿ ಬಿಟ್ಟಿದ್ದೆ. ಮರೆತಿದ್ದೀಯ ಎಂದುಕೊಂಡೆ. ಮರೆಯುವವಳಲ್ಲ ಎಂದು ಆಮೇಲೆ ಅನ್ನಿಸಿತು. ಹಕ್ಕಿ ಇದ್ದರೆ ಉತ್ತರ ಕೊಟ್ಟೀತು ಎಂದು ವರ್ಷಕ್ಕೊಮ್ಮೆ ಅದನ್ನು ಕೇಳಿಸುವುದು ಕೆಲಸದ ನಿಯಮ. ನಾನು ದಿನಾ ಬೆಳಿಗ್ಗೆ ಕಿಟಕಿಯಲ್ಲಿಟ್ಟು ಹಾಕುತ್ತಿದ್ದೆ. "ಏನ್ ಸ್ವಾಮಿ, ಮಾವನ್ನ ದಿನಾ ಎಬ್ಬಿಸ್ತೀರಲ್ಲ, ಮಲಗೋಕಾದ್ರೂ ಬಿಡಿ" ಎಂದು ತೂಬಿನವನು ತಮಾಷೆ ಮಾಡುತ್ತಿದ್ದ.

ಇಲ್ಲಿಗೆ ನಿಲ್ಲಿಸಿದರೆ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಆದರೆ ನೀನು ಮುಂದಿನ ಪ್ರಶ್ನೆ ಕೇಳುತ್ತೀಯ.

ಇಪ್ಪತ್ತು ವರ್ಷದ ಹಿಂದಿನ ಆ ಬೆಳಿಗ್ಗೆ ಟೇಪು ಹಾಕಲು ಆರಕ್ಕೆ ನಿನ್ನ ಸರದಿ, ಆರೂವರೆಗೆ ನನ್ನದು. ಒಬ್ಬರ ಟೇಪನ್ನು ಇನ್ನೊಬ್ಬರು ಹಕ್ಕಿ ಎಂದುಕೊಳ್ಳಬಾರದೆಂದೇ ಆ ಅಂತರ. ನಿನ್ನ ಟೇಪಿನಲ್ಲಿ ಕೆಮ್ಮು ಇತ್ತು. ನನ್ನ ಪ್ರತಿಯಿಂದ ನಾನು ಅದನ್ನು ತೆಗೆದುಹಾಕಿದ್ದೆ. ಮಾವ ಕೆಲಸದ ಜಾಗಕ್ಕೂ ಬರುವುದು ನನಗೆ ಸೇರುತ್ತಿರಲಿಲ್ಲ. ಮಂಜಿನಾಚೆ ನಿನ್ನ ಮೂರು ಕೂಗು ಕೇಳಿದವು, ಕೆಮ್ಮು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಆ ವರ್ಷ ಜೌಗಿನ ಕಡತ ಮುಚ್ಚುವುದರಲ್ಲಿತ್ತು. ನಿನಗೆ ವಾರದಿಂದ ನಿದ್ದೆಯಿರಲಿಲ್ಲ. ನೀನು ಪೆನ್ಸಿಲ್ ಹಿಡಿದು, ತಲೆ ಓರೆ ಮಾಡಿ ನಿಂತಿರುವುದು ನನಗೆ ಕಾಣದಿದ್ದರೂ ಗೊತ್ತಿತ್ತು. ನಾಲ್ಕು ನಿಮಿಷ ತಡೆದೆ. ಆಮೇಲೆ ನನ್ನ ಸ್ಪೀಕರನ್ನು ಜೊಂಡಿನೊಳಗೆ ತಳ್ಳಿ, ದೂರದ್ದೆನ್ನಿಸುವಷ್ಟು ಸದ್ದು ತಗ್ಗಿಸಿ, ನಿನಗೆ ಉತ್ತರ ಕೊಟ್ಟೆ.

ಯೋಚಿಸಿ ಮಾಡಿದ್ದಲ್ಲ ಎಂದು ಬರೆಯಲು ಹೊರಟೆ. ಸದ್ದು ತಗ್ಗಿಸಿದವನು ಯೋಚಿಸಿಯೇ ಇರುತ್ತಾನೆ.

ಸೊಂಟದವರೆಗೆ ಕೆಸರಾಗಿ, ಬೂಟು ಕೈಯಲ್ಲಿ ಹಿಡಿದು, ಜೌಗು ಸುತ್ತಿ ಬಂದೆ ನೀನು. "ಕೇಳಿಸ್ತಾ? ನಿಮಗೂ ಕೇಳಿಸ್ತಾ ರೀ?" ಎಂದೆ. ಕೇಳಿಸಿತು ಎಂದೆ ನಾನು. ಇಬ್ಬರ ಪುಸ್ತಕದಲ್ಲೂ ಒಂದೇ ಸಮಯ: ಆರು ಗಂಟೆ ನಾಲ್ಕು ನಿಮಿಷ. ಎರಡು ದಡ, ಎರಡು ಕಿವಿ, ಒಂದು ಗಳಿಗೆ. ಕಚೇರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಬೇಲಿ ಬಂತು.

ಆಮೇಲೆ ಊಟಕ್ಕೆ ಯಾರಾದರೂ ಬಂದು ನೀನು ಆ ಬೆಳಗಿನ ಕಥೆ ತೆಗೆದಾಗಲೆಲ್ಲ ನಾನು ಅರ್ಧಕ್ಕೇ ಎದ್ದು ಕೈ ತೊಳೆಯುತ್ತಿದ್ದೆ. ನಮ್ಮಪ್ಪನ ಹೆಸರು ಬಂದರೆ ನಿಮಗೆ ಹೊಟ್ಟೆಕಿಚ್ಚು ಎಂದೆ ನೀನು ಒಂದು ದಿನ. ಹೌದೆನ್ನುವುದು ಸುಲಭವಾಗಿತ್ತು, ಹಾಗೇ ಬಿಟ್ಟೆ. ನೀನು ಆ ಮಾತನ್ನೇ ಹೊತ್ತುಕೊಂಡು ಮನೆ ಬಿಟ್ಟೆ.

ಬೇಲಿಯೊಳಗೆ ಜೊಂಡುಕೋಳಿ ಇಲ್ಲ. ಆಗಲೂ ಇರಲಿಲ್ಲವೋ ಏನೋ. ಅದಕ್ಕೆಂದು ಬಿಟ್ಟ ಜಾಗದಲ್ಲಿ ಬೇರೆಯವು ಬಂದು ಕೂತಿವೆ. ನೀರುನಾಯಿ ಮೂರು ಸಲ ಮರಿ ಹಾಕಿದೆ. ಹುಳ ಹಿಡಿದು ತಿನ್ನುವ ಒಂದು ಗಿಡ ತೂಬಿನ ಪಕ್ಕ ಹರಡಿದೆ. ಒಂದು ಮೀನಿದೆ, ಅದರ ಹೆಸರನ್ನು ಯಾರೂ ಹುಡುಕಿಲ್ಲ. ಅವುಗಳನ್ನೇ ಬರೆದು ಕೊಡುತ್ತೇನೆ ಎಂದರೆ "ಅವು ಪಟ್ಟಿಯಲ್ಲಿಲ್ಲ ಸಾರ್, ಪಾಪ" ಎನ್ನುತ್ತಾಳೆ ಅಧಿಕಾರಿ. ಸತ್ತವನೊಬ್ಬನ ಹೆಸರಿನ ಮನೆಯಲ್ಲಿ ಇಡೀ ಸಂಸಾರ ಸದ್ದಿಲ್ಲದೆ ಬಾಳುತ್ತಿರುವ ಹಾಗಿದೆ. ಸಂಜೆ ದಡದಲ್ಲಿ ನಡೆಯುವಾಗ ನಾನೂ ಹೆಜ್ಜೆ ಸಪ್ಪಳ ಮಾಡುವುದಿಲ್ಲ.

ಈಗ ನಮೂನೆ. ಟೇಪಿನ ಚೀಟಿಯ ಮೇಲೆ ಗಾಳಿಯ ದಿಕ್ಕನ್ನೂ ಬರೆದಿಟ್ಟ ಮನುಷ್ಯನ ಮಗಳು ನೀನು. ಕೇಳದ್ದನ್ನು ಯಾವತ್ತೂ ಕೇಳಿದೆ ಎಂದು ಬರೆದವಳಲ್ಲ; ಆವತ್ತೂ ನೀನು ಬರೆದದ್ದು ಕೇಳಿದ್ದನ್ನೇ. ನಿಜ ಬರೆ. ಈಗಿನದು ಗೊರವಂಕ, ಆಗಿನದು ಟೇಪು ಎಂದು ಬರೆ. ನನ್ನ ಹೆಸರು ಹಾಕು. ಬರುವುದು ಬರಲಿ.

ಟೇಪನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ಇನ್ನು ನನಗೆ ಬೇಕಿಲ್ಲ. ಬೆಳಿಗ್ಗೆ ಕಿಟಕಿ ತೆಗೆದರೆ ಮಾವ ಹೊರಗೇ ಇರುತ್ತಾರೆ.

ಈಚೆದಡದವನು

ತಾ. ಕ.: ನನ್ನ ನಮೂನೆ ನಿನ್ನೆಯೇ ಅಂಚೆಗೆ ಹೋಗಿದೆ. ಜೊಂಡುಕೋಳಿಯೇ, ಅನುಮಾನವಿಲ್ಲ ಎಂದು ಬರೆದಿದ್ದೇನೆ. ಇಬ್ಬರ ಮಾತೂ ಹೊಂದಿದರೆ ಬೇಲಿ ಉಳಿಯುತ್ತದೆ. ಹೊಂದದಿದ್ದರೆ ನಿನ್ನದನ್ನೇ ನಂಬಬೇಕು, ನಿನ್ನ ಕಿವಿ ನನ್ನದಕ್ಕಿಂತ ಚೆನ್ನಾಗಿದೆ ಎಂದು ಅಧಿಕಾರಿಗೆ ಹೇಳಿಟ್ಟಿದ್ದೇನೆ.