ಅಪ್ಪನ ಕೋಣೆಯಿಂದ ತೆಗೆದದ್ದು

ನವೆಂಬರ್ ೧೪, ಗುರುವಾರ

ಬೆಳಿಗ್ಗೆ ಅಪ್ಪ ಹಾಸಿಗೆಯ ಮೇಲೆ ಬಾಗಿ, ಹೊದಿಕೆಯಲ್ಲಿ ಅಚ್ಚಾಗಿದ್ದ ಹೂಗಳನ್ನು ಕೀಳಲು ನೋಡುತ್ತಿದ್ದರು. ಬಾರದಿದ್ದಾಗ ಉಗುರು ಊರಿ ಕೆರೆದರು. ಅವರ ಮರೆವಿನ ಕಾಯಿಲೆಗೆ ಚಿತ್ರ, ಹೊಳಪು ಎಲ್ಲವೂ ದಿಗಿಲು. ಕೋಣೆಯನ್ನು ಆದಷ್ಟು ಬರಿದಾಗಿಡಿ ಎಂದಿದ್ದಾರೆ ಡಾಕ್ಟರು. ಸಾಹಿತ್ಯದಲ್ಲಿ ಎಂ.ಎ. ಮಾಡಿದ ನನಗೆ ಸಿಕ್ಕ ಮೊದಲ ಕೆಲಸ, ಈ ಕೋಣೆಯ ವಿನ್ಯಾಸ.

ಹೂವಿನ ಹೊದಿಕೆ ಹೋಗಿ ಬಿಳಿಯದು ಬಂತು. ಕಪ್ಪು ಕಾಲೊರಸು ಅವರಿಗೆ ಗುಂಡಿಯಂತೆ ಕಾಣುತ್ತದೆ, ಅದೂ ಹೋಯಿತು. ಅಮ್ಮ ತವರಿನಿಂದ ತಂದ ನಿಲುವುಗನ್ನಡಿಗೆ ಮಾತ್ರ ಜಗಳವಾಯಿತು.

"ಅದರೊಳಗೆ ಯಾರೋ ಕಳ್ಳ ಇದಾನೆ ಅಂತಾರಲ್ಲಮ್ಮಾ."

"ಇಷ್ಟು ವರ್ಷ ಅದೇ ಕಳ್ಳನ ಮುಂದೆ ನಿಂತು ಕ್ರಾಪು ತೀಡ್ಕೊಂಡ್ರಲ್ಲ, ಆಗ್ಲೇ ಪೊಲೀಸಿಗೆ ಹೇಳ್ಬೇಕಿತ್ತು!" ಎಂದಳು. ಆಮೇಲೆ ತಾನೇ ಒಂದು ತುದಿ ಹಿಡಿದಳು.

ಸಂಜೆ ಪಕ್ಕದ ಮನೆಯ ಆಂಟಿ ಇಣುಕಿ, "ಅಬ್ಬಾ, ಮ್ಯಾಗಜೀನ್‌ನಲ್ಲಿ ಬರೋ ಬೆಡ್‌ರೂಮ್ ಥರ ಇದೆ ಕಣೇ!" ಎಂದರು. ಮಂಚ, ಬಿಳಿ ಗೋಡೆ, ಒಂದು ಕುರ್ಚಿ. ನಿಜಕ್ಕೂ ಚೆನ್ನಾಗಿತ್ತು.

ಊಟವಾದ ಮೇಲೆ ಅಮ್ಮ ತನ್ನ ದಿಂಬು ತರಲು ಹೋದಾಗ ಅಪ್ಪ ನನ್ನ ಕೈ ಹಿಡಿದು ಪಿಸುಗುಟ್ಟಿದರು: "ಈಗ ಹಾಯಾಗಿದೆ ಮಗೂ. ಆ ಹೆಂಗಸನ್ನೂ ಕಳಿಸಿಬಿಡು. ರಾತ್ರಿಯೆಲ್ಲ ಪಕ್ಕದಲ್ಲೇ ಮಲಗಿರ್ತಾಳೆ. ಭಯ ಆಗುತ್ತೆ."

ಅಮ್ಮ ಬಂದು ದಿಂಬು ತಟ್ಟಿದಳು. ಅಪ್ಪ ಗೋಡೆಯ ಕಡೆ ಸರಿದು ಮುದುಡಿಕೊಂಡರು.

"ಪಾಪ, ನಂಗೆ ಜಾಗ ಬಿಡ್ತಾರೆ ನೋಡು," ಎಂದಳು ಅಮ್ಮ.

ಅವಳಿಗೆ ಇದನ್ನು ಹೇಳುವುದಿಲ್ಲ. ನನ್ನ ಕೋಣೆಗೂ ಅಪ್ಪನ ಕೋಣೆಗೂ ನಡುವಿನ ಬಾಗಿಲು ತೆರೆದೇ ಇರಲಿ, ಅಪ್ಪ ಎದ್ದರೆ ಕೇಳಿಸುತ್ತದೆ. ಒಬ್ಬಳೇ ಮಲಗಲು ನನಗೆ ಹೆದರಿಕೆ, ನನ್ನ ಕೋಣೆಗೆ ಬಾ ಎಂದು ನಾಳೆ ಅಮ್ಮನ ಹತ್ತಿರ ಹಟ ಹಿಡಿಯುತ್ತೇನೆ. ಇಷ್ಟು ದೊಡ್ಡವಳಾಗಿ ನಾಚಿಕೆಯಿಲ್ಲವಾ ಎಂದು ಬೈಯಲಿ. ಬೈಸಿಕೊಳ್ಳುತ್ತೇನೆ.