ಅಮ್ಮನ ಜೊತೆ ಬಂದಿದೀನಿ ಅನ್ನು

ನವೆಂಬರ್ ೧೪, ತೈನಾನ್

ಇವತ್ತಿನ ಎಡವಟ್ಟು ಇನ್ನೂ ತಲೆಯಿಂದ ಹೋಗುತ್ತಿಲ್ಲ.

ಹೋಟೆಲ್ ರೂಮಿನ ಬಾಗಿಲು ತೆರೆಯುವ ಮೊದಲು ಮೂರು ಸಲ ಬಡಿಯಬೇಕು, ಒಳಗೆ ದೆವ್ವ ಇದ್ದರೆ ಹೊರಗೆ ಹೋಗಲಿ ಅಂತ ಪಕ್ಕಕ್ಕೆ ಸರಿದು ನಿಲ್ಲಬೇಕು. ಇದು ಅಮ್ಮನ ಕಟ್ಟಪ್ಪಣೆ. ಪ್ರತಿ ವರ್ಷ ಇಬ್ಬರೂ ಇಲ್ಲಿಗೆ ಬರುತ್ತಿದ್ದಾಗ ಅವಳು ಬಡಿಯುತ್ತಿದ್ದಳು, ನಾನು ನಗುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಇದೇ ಮೊದಲ ಸಲ ಬಂದದ್ದು, ಒಬ್ಬಳೇ. ತಪ್ಪದೆ ಬಡಿದೆ.

"ಯಾರದು?" ಒಳಗಿನಿಂದ ಅಮ್ಮನದೇ ಗಡಸು ದನಿ.

"ನಾನೇ ಅಮ್ಮಾ, ಯೂ-ಚೆನ್" ಅಂದುಬಿಟ್ಟೆ.

ಬಾಗಿಲು ತೆರೆದ ಯಾರೋ ಅಜ್ಜಿ, ಗೋಡೆಗೆ ಅಂಟಿ ನಿಂತಿದ್ದ ನನ್ನನ್ನೂ ನನ್ನ ಕೈಲಿದ್ದ ಕೀಲಿಯ ನಂಬರನ್ನೂ ನೋಡಿ ನಕ್ಕಿದ್ದೇ ನಕ್ಕಿದ್ದು. "ನಾನಿನ್ನೂ ದೆವ್ವ ಆಗಿಲ್ಲ ಕಣೇ! ನಿನ್ ರೂಮು ಪಕ್ಕದ್ದು. ಒಬ್ಳೇ ಬಂದಿದೀಯಾ?"

"ಹೂಂ ಅಜ್ಜಿ."

"ಕೇಳಿದೋರಿಗೆಲ್ಲ ಹಂಗೆ ಹೇಳ್ತಾರಾ, ಪೆದ್ದಿ? ಅಮ್ಮನ ಜೊತೆ ಬಂದಿದೀನಿ ಅನ್ನು." ಒಂದು ಸೀಬೆಹಣ್ಣನ್ನು ಕೈಗೆ ತುರುಕಿ ಬಾಗಿಲು ಹಾಕಿಕೊಂಡರು.

ಸಂಜೆ ನಮ್ಮ ಮಾಮೂಲಿ ಮೀನಿನ ಸಾರಿನ ಅಂಗಡಿಗೆ ಹೋದೆ. ಹೊಸ ಹುಡುಗಿ. "ಒಬ್ರೇನಾ ಅಕ್ಕಾ?"

"ಇಲ್ಲ, ಅಮ್ಮನ ಜೊತೆ."

ಎರಡು ಬಟ್ಟಲು ತಂದಿಟ್ಟಳು. ಒಂದನ್ನು ಎದುರಿನ ಖಾಲಿ ಕುರ್ಚಿಯ ಕಡೆಗೆ ಸರಿಸಿದೆ. ಅಮ್ಮನಿಗೆ ಸಾರು ಆರಿದರೆ ಸೇರದು. ಅವಳದ್ದನ್ನೇ ಮೊದಲು ಕುಡಿದೆ.