ಆ ತುದಿಯಲ್ಲಿ ಮನುಷ್ಯರಿದ್ದರೆ

ಜೂನ್ 3
ಪ್ರಿಂಟರ್ ಮತ್ತೆ ಕೆಟ್ಟಿತು. ಒಂದೇಟು ಕೊಟ್ಟೆ, ಸರಿಹೋಯಿತು. ನೀರಿನ ಪರೀಕ್ಷೆಯ ಅಂಕಿಗಳಿಂದ ವರದಿ ತೆಗೆಯುವ ಪ್ರೋಗ್ರಾಮ್ ಮುಗಿಯುತ್ತ ಬಂತು. ಬಳಸುವವಳು ಪಕ್ಕದ ಲ್ಯಾಬಿನ ಕೆಮಿಸ್ಟ್. ತಿಂಗಳ ಕೊನೆಗೆ ಅವಳಿಗೆ ವರ್ಗ. ಒಮ್ಮೆ ಕಾಫಿಗೆ ಕರೆಯಬೇಕೆಂದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಎದುರಿಗೆ ಬಂದರೆ ನಾಲಿಗೆಗೆ ಬೀಗ.
ಅಕ್ಕನ ಮಂಗಳಾರತಿ: "ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನೆ. ನೀನು ಸುಗ್ಗೀಲೂ ಉಪವಾಸ ಬೀಳ್ತೀಯ."

ಜೂನ್ 5
ಉಪಾಯ ಹೊಳೆಯಿತು! ಪ್ರೋಗ್ರಾಮಿಗೆ ಅಂಕಿಗಳು ಬರುವ ದಾರಿ ಎರಡು — ಯಾರಾದರೂ ಕೂತು ಟೈಪ್ ಮಾಡಬಹುದು, ಇಲ್ಲವೇ ಇಡೀ ಫೈಲನ್ನೇ ಒಳಗೆ ತಳ್ಳಬಹುದು. ಯಾವುದೆಂದು ಪ್ರೋಗ್ರಾಮೇ ಸಿಸ್ಟಮನ್ನು ಕೇಳಿ ತಿಳಿಯುತ್ತದೆ, ಒಂದೇ ಸಾಲಿನ ಕೋಡ್. ಫೈಲ್ ಆದರೆ ತೆಪ್ಪಗೆ ಲೆಕ್ಕ. ಕೀಬೋರ್ಡ್ ಆದರೆ ಮೊದಲು ಒಂದು ಪ್ರಶ್ನೆ: "ಸಂಜೆ ನನ್ನ ಜೊತೆ ಕಾಫಿಗೆ ಬರ್ತೀರಾ?"
ಕೆಳಗೆ ನನ್ನ ಹೆಸರು.

ಜೂನ್ 6
ಕೊಟ್ಟೆ. ಕಿವಿ ಬಿಸಿ.

ಜೂನ್ 12
ಉತ್ತರವಿಲ್ಲ. ದಿನಾ ಬಳಸುತ್ತಾಳೆ. ದಿನಾ ನಗುತ್ತಾಳೆ. ಪ್ರೋಗ್ರಾಮ್ ಚೆನ್ನಾಗಿದೆಯಂತೆ. ಅಷ್ಟೇ... ಊಟ ಸೇರುತ್ತಿಲ್ಲ.

ಜೂನ್ 13
ಗೊತ್ತಾಯಿತು. ಜಾಣೆ, ಟೈಪ್ ಮಾಡುವುದೇ ಇಲ್ಲ! ಪರೀಕ್ಷೆಯ ಯಂತ್ರ ಬರೆದ ಫೈಲನ್ನು ಹಾಗೇ ತಳ್ಳುತ್ತಾಳೆ. ನನ್ನ ಪ್ರೋಗ್ರಾಮ್ ಇನ್ನೂ ಬಾಯೇ ಬಿಟ್ಟಿಲ್ಲ. ಮಾಡಿದವನ ಬುದ್ಧಿಯೇ ಬಂದಿದೆ.
ಫೈಲ್ ಬಂದರೂ ಕೇಳು ಎಂದು ತಿದ್ದೋಣವೆಂದರೆ, ಫೈಲಿನ ಮೊದಲ ಅಂಕಿಯನ್ನೇ ಉತ್ತರ ಎಂದುಕೊಳ್ಳುತ್ತದೆ. ಕಾಫಿಗೆ ಬರ್ತೀರಾ? — 7.2.

ಜೂನ್ 20
ಅವಳಿಗೆ ರಜೆ. ಅವಳ ಕುರ್ಚಿಯಲ್ಲಿ ನಮ್ಮ ಆಫೀಸಿನ ಸಾಹೇಬರು. ಫೈಲ್ ತಳ್ಳುವುದು ಅವರಿಗೆ ಗೊತ್ತಿಲ್ಲ, ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾರೆ. ನನಗೆ ತಿಳಿಯುವಷ್ಟರಲ್ಲಿ ನನ್ನ ಮೇಜಿನ ಬಳಿ ಬಂದು ಗಂಟಲು ಸರಿಮಾಡಿಕೊಂಡರು.
"ಬರ್ತೀನಪ್ಪ. ಇಷ್ಟು ವರ್ಷದಲ್ಲಿ ನನ್ನನ್ನ ಕಾಫಿಗೆ ಕರೆದೋನು ನೀನೊಬ್ಬನೇ."
ಹೋದೆ. ಇನ್ನೇನು ಮಾಡಲಿ? ಮಂಡಿನೋವಿನ ಕಥೆ ಪೂರ್ತಿ ಕೇಳಿದೆ. ಒಳ್ಳೆಯ ಮನುಷ್ಯ, ಪಾಪ. ನಾಳೆಯೂ ಹೋಗೋಣ ಎಂದಿದ್ದಾರೆ.

ಜೂನ್ 29
ನಾಳೆ ಅವಳ ಕೊನೆಯ ದಿನ. ಕಾಫಿ ಕುಡಿಯುತ್ತ ಸಾಹೇಬರಿಗೆ ನಿಜ ಹೇಳಿಬಿಟ್ಟೆ, ಆ ಪ್ರಶ್ನೆ ಯಾರಿಗೆಂದು. ಕಪ್ ಕೆಳಗಿಟ್ಟರು. ಬೇಜಾರಾಯಿತೇನೋ. ನನಗಂತೂ ಆಯಿತು.
"ಮೊದಲೇ ಹೇಳೋದಲ್ವೇನಯ್ಯಾ," ಅಂದರು.

ಜೂನ್ 30, ಬೆಳಿಗ್ಗೆ
ಸಾಹೇಬರ ಆರ್ಡರ್: ಪರೀಕ್ಷೆಯ ಯಂತ್ರದಿಂದ ಫೈಲ್ ಬರ್ತಿಲ್ಲ, ಇವತ್ತು ಅಂಕಿಗಳನ್ನು ಕೈಯಲ್ಲೇ ಟೈಪ್ ಮಾಡಮ್ಮ. ಯಂತ್ರಕ್ಕೇನೂ ಆಗಿಲ್ಲ. ಅದರಿಂದ ಕಂಪ್ಯೂಟರಿಗೆ ಬರುವ ವೈರು ಸಾಹೇಬರ ಜೇಬಿನಲ್ಲಿದೆ.
ಗಾಜಿನಾಚೆ ಅವಳು ಕೂತಳು. ಪರದೆ ನೋಡಿದಳು. ಕೈ ಅಲ್ಲೇ ನಿಂತಿತು. ಸಾಹೇಬರು ಗೋಡೆಯ ಕ್ಯಾಲೆಂಡರ್ ಓದುವ ನಾಟಕ.
ಉತ್ತರ ಟೈಪ್ ಮಾಡಲಿಲ್ಲ. ಎದ್ದಳು. ಇತ್ತಲೇ ಬರುತ್ತಿದ್ದಾಳೆ. ಬರೆಯುವ ನೆಪದಲ್ಲಿ ತಲೆ ತಗ್ಗಿಸಿದ್ದೇನೆ — ಮೇಜಿನ ಮುಂದೆಯೇ ನಿಂತಳು.
"ಇದನ್ನ ಕೇಳ್ತಿರೋದು ಪ್ರೋಗ್ರಾಮಾ, ಮನುಷ್ಯರಾ?"
ಪೆನ್ನು ಕೆಳಗಿಡಬೇಕು. ಬಾಯಿ ಬಿಡಬೇ—